ಕಾರ್ಡ್ ಇದೆ, ಕೈಯಲ್ಲಿ ಕಾಸಿಲ್ಲ: ಅಂಗಡಿಯಿಂದ ನಗದು ಪಡೆಯೋದಾ, ಬೇರೆ ದಾರಿ ನೋಡೋದಾ?

ಗುಬ್ಬಿ ಹತ್ತಿರ ನನ್ನ ತಮ್ಮನ ತೆಂಗಿನ ತೋಟವಿದೆ. ಕಾಯಿ ಕೀಳಿಸಿದ ದಿನ ಸಂಜೆ ಆಳುಗಳ ಕೈಗೆ ದುಡ್ಡು ಕೊಡಬೇಕು. ಅವರಲ್ಲಿ ಇಬ್ಬರಿಗೆ ಫೋನ್‌ಗೆ ಹಣ ಹಾಕಿದರೆ ನಡೆಯುತ್ತದೆ, ಉಳಿದವರಿಗೆ ನೋಟೇ ಬೇಕು. ಕಳೆದ ವರ್ಷ ಒಂದು ಶನಿವಾರ ತಮ್ಮನ ಖಾತೆ ಖಾಲಿಯಾಗಿತ್ತು. ಕೊಬ್ಬರಿ ಮಾರಿದ ಹಣ ಇನ್ನೂ ಬಂದಿರಲಿಲ್ಲ. ಜೇಬಿನಲ್ಲಿ ಕ್ರೆಡಿಟ್ ಕಾರ್ಡ್ ಇತ್ತು. ಸೀದಾ ಎಟಿಎಂಗೆ ಹೋಗಿ ಆ ಕಾರ್ಡ್ ಹಾಕಿ 5,000 ರೂಪಾಯಿ ತೆಗೆದ. ಇಪ್ಪತ್ತು ದಿನ ಬಿಟ್ಟು ಕಟ್ಟಿದ. ಬಿಲ್ ನೋಡಿದರೆ 726 ರೂಪಾಯಿ ಜಾಸ್ತಿ ಬಿದ್ದಿತ್ತು.

"ಅಕ್ಕಾ, ಅಂಗಡಿಯಲ್ಲೇ ಕಾರ್ಡ್ ಉಜ್ಜಿ ಕ್ಯಾಶ್ ತಗೊಂಡಿದ್ರೆ ಇಷ್ಟು ಹೋಗ್ತಿರಲಿಲ್ಲ ಅಲ್ವಾ?" ಅಂತ ಕೇಳಿದ. ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ತುಮಕೂರಿನಲ್ಲಿ ಹೋದ ಅಂಗಡಿಗಳಲ್ಲೆಲ್ಲ ಕೇಳಿದೆ, ಬ್ಯಾಂಕಿನಲ್ಲಿ ಕೇಳಿದೆ, ನಿಯಮ ಓದಿದೆ. ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಕ್ಯಾಶ್‌ಬ್ಯಾಕ್ ಅಂದರೆ ನಮ್ಮಲ್ಲಿ ಜಾಸ್ತಿ ಜನ ತಿಳಿಯುವುದು ಆಫರ್ ಅಂತ. ಫ್ರಿಜ್ ತಗೊಂಡರೆ ಇಷ್ಟು ಸಾವಿರ ವಾಪಸ್ ಅನ್ನುತ್ತಾರಲ್ಲ, ಅದು. ಆ ಹಣ ಕೈಗೆ ನೋಟಾಗಿ ಬರುವುದಿಲ್ಲ. ಕಾರ್ಡಿನ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ, ಅದೂ ಕೆಲವು ಸಲ ತಿಂಗಳುಗಟ್ಟಲೆ ಆದಮೇಲೆ. ನಾನು ಇಲ್ಲಿ ಹೇಳುತ್ತಿರುವುದು ಬೇರೆ: ಅಂಗಡಿಯಲ್ಲಿ ಕಾರ್ಡ್ ಕೊಟ್ಟು, ಗಲ್ಲಾಪೆಟ್ಟಿಗೆಯಿಂದ ನೋಟು ಎಣಿಸಿಕೊಂಡು ಬರುವುದು. ಹೊರದೇಶಗಳಲ್ಲಿ ಇದಕ್ಕೂ ಕ್ಯಾಶ್‌ಬ್ಯಾಕ್ ಅಂತಲೇ ಹೆಸರು, ಅಲ್ಲಿ ಇದು ಹಳೆಯ ಪದ್ಧತಿ. ನಮ್ಮ ದೇಶದಲ್ಲೂ ರಿಸರ್ವ್ ಬ್ಯಾಂಕ್ 2009ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಒಂದು ಷರತ್ತಿದೆ, ಅದನ್ನು ಮುಂದೆ ಹೇಳುತ್ತೇನೆ.

ಯಾವ ದಾರಿ ಹಿಡಿಯಬೇಕು ಅನ್ನುವುದಕ್ಕೆ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಖಾತೆಯಲ್ಲಿ ದುಡ್ಡಿದೆಯಾ, ಇಲ್ವಾ? ಖಾತೆಯಲ್ಲಿ ದುಡ್ಡಿದ್ದು ಕೈಯಲ್ಲಿ ನೋಟಿಲ್ಲ ಅಂದರೆ ಅದು ಸಣ್ಣ ತೊಂದರೆ. ಹತ್ತಿಪ್ಪತ್ತು ರೂಪಾಯಿ ಖರ್ಚಿನಲ್ಲಿ, ಎಷ್ಟೋ ಸಲ ಖರ್ಚೇ ಇಲ್ಲದೆ ಬಗೆಹರಿಯುತ್ತದೆ. ಖಾತೆಯಲ್ಲೂ ಇಲ್ಲ ಅಂದರೆ ನೀವು ಹುಡುಕುತ್ತಿರುವುದು ನಗದಲ್ಲ, ಸಾಲ. ಎಟಿಎಂ ಆದರೇನು, ಅಂಗಡಿಯ ಮಿಷಿನ್ ಆದರೇನು, ಕ್ರೆಡಿಟ್ ಕಾರ್ಡಿನಿಂದ ಬಂದ ನೋಟು ಸಾಲದ ನೋಟೇ. ನನ್ನ ತಮ್ಮ ಎಡವಿದ್ದು ಇಲ್ಲೇ.

ಖಾತೆಯಲ್ಲಿ ದುಡ್ಡಿದ್ದರೆ

ಡೆಬಿಟ್ ಕಾರ್ಡ್ ಹಿಡಿದು ಅಂಗಡಿಯಲ್ಲಿ ನಗದು ಕೇಳಬಹುದು. ಇದು ಪೂರ್ತಿ ನಿಯಮದ ಒಳಗಿನ ವ್ಯವಸ್ಥೆ. ಒಂದು ಸಲಕ್ಕೆ 2,000 ರೂಪಾಯಿವರೆಗೆ, ತಿಂಗಳಿಗೆ ಒಟ್ಟು 10,000 ರೂಪಾಯಿವರೆಗೆ ತೆಗೆಯಬಹುದು. ಮುಂಚೆ ದೊಡ್ಡ ಊರಿಗೊಂದು ಮಿತಿ, ಸಣ್ಣ ಊರಿಗೊಂದು ಮಿತಿ ಇತ್ತು. 2021ರಿಂದ ತುಮಕೂರಿಗೂ ಒಂದೇ, ಹುಳಿಯಾರಿಗೂ ಒಂದೇ. ಸಾಮಾನು ತಗೊಳ್ಳಲೇಬೇಕು ಅಂತಲೂ ಇಲ್ಲ, ಬರೀ ನಗದು ಕೇಳಬಹುದು. ಶುಲ್ಕ ಹಾಕಿದರೂ ಶೇ. 1 ದಾಟುವಂತಿಲ್ಲ. ಅಂದರೆ 2,000 ರೂಪಾಯಿಗೆ ಜಾಸ್ತಿ ಅಂದರೆ 20 ರೂಪಾಯಿ.

ನಾನು ಮೊದಲ ಸಲ ಇದನ್ನು ಮಾಡಿದ್ದು ಬಿ.ಎಚ್. ರಸ್ತೆಯ ಒಂದು ಮೆಡಿಕಲ್ ಸ್ಟೋರ್‌ನಲ್ಲಿ. ಅಮ್ಮನ ಬಿಪಿ ಮಾತ್ರೆಗೆ 340 ರೂಪಾಯಿ ಆಗಿತ್ತು. "ಅಣ್ಣ, ಇದರ ಜೊತೆ 1,500 ಕ್ಯಾಶ್ ಸಿಗುತ್ತಾ?" ಅಂದೆ, ಕ್ರೆಡಿಟ್ ಕಾರ್ಡ್ ಚಾಚಿದೆ. ಅವರು ಕಾರ್ಡ್ ನೋಡಿ ವಾಪಸ್ ಕೊಟ್ಟರು. "ಇದರಲ್ಲಿ ಬರಲ್ಲ ಅಕ್ಕ. ಡೆಬಿಟ್ ಇದ್ರೆ ಕೊಡಿ." ಡೆಬಿಟ್ ಕಾರ್ಡ್ ಕೊಟ್ಟೆ. ಮಿಷಿನ್‌ನಲ್ಲಿ ಮಾಮೂಲಿ ಸೇಲ್ ಬಿಟ್ಟು ಬೇರೆ ಆಯ್ಕೆಗೆ ಹೋದರು. ಮಾತ್ರೆಯ ಮೊತ್ತ ಒಂದು ಕಡೆ, ನಗದಿನ ಮೊತ್ತ ಇನ್ನೊಂದು ಕಡೆ ಒತ್ತಿದರು. ಮಿಷಿನ್ ನನ್ನ ಕಡೆ ತಿರುಗಿಸಿದರು, ಪಿನ್ ಹಾಕಿದೆ. ಬಂದ ಚೀಟಿಯಲ್ಲಿ 340 ಒಂದು ಸಾಲು, 1,500 ಒಂದು ಸಾಲು, ಕೆಳಗೆ 1,840 ಅಂತ ಇತ್ತು. ಮೂರು ಐನೂರರ ನೋಟು ಎಣಿಸಿ, ಮಾತ್ರೆಯ ಪೊಟ್ಟಣದ ಮೇಲಿಟ್ಟು ಕೊಟ್ಟರು. ಶುಲ್ಕ ತಗೊಳ್ಳಲಿಲ್ಲ.

ಅವರಿಗೇನು ಲಾಭ ಅಂತ ಕೇಳಿದೆ. ರಾತ್ರಿ ಗಲ್ಲಾದಲ್ಲಿ ನೋಟು ಜಾಸ್ತಿ ಇದ್ದರೆ ಎಣಿಸಬೇಕು, ಕಾಯಬೇಕು, ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಗಿರಾಕಿಗೆ ಕೊಟ್ಟುಬಿಟ್ಟರೆ ಅದೇ ಹಣ ತಾನಾಗಿ ಖಾತೆಗೆ ಹೋಗುತ್ತದೆ. ಎಷ್ಟು ಸರಳ ಅಲ್ವಾ?

ನಾನು ಹೇಳಿದ ಷರತ್ತು ಅವರ ಆ ಒಂದು ಮಾತಿನಲ್ಲೇ ಇದೆ. ಈ ಸೌಲಭ್ಯ ಡೆಬಿಟ್ ಕಾರ್ಡಿಗೆ ಇದೆ, ಮೊದಲೇ ಹಣ ತುಂಬಿಸಿಟ್ಟುಕೊಳ್ಳುವ, ಬ್ಯಾಂಕು ಕೊಟ್ಟ ಪ್ರೀಪೇಯ್ಡ್ ಕಾರ್ಡಿಗೆ ಇದೆ, ಯುಪಿಐಗೆ ಇದೆ, ಜನಧನ್ ಖಾತೆಯ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಲು ಬಿಡುವ ಸಾಲ) ಕಾರ್ಡಿಗೂ ಇದೆ. ಕ್ರೆಡಿಟ್ ಕಾರ್ಡಿಗೆ ಇಲ್ಲ. ಅಮೆರಿಕದಲ್ಲಿರುವ ನೆಂಟರು "ಇಲ್ಲಿ ಒಂದು ಕಂಪನಿಯ ಕ್ರೆಡಿಟ್ ಕಾರ್ಡಲ್ಲೇ ಅಂಗಡಿಯವರು ಡಾಲರ್ ಕೊಡ್ತಾರೆ" ಅಂದರೆ ಅದು ನಿಜ. ಡಿಸ್ಕವರ್ ಅನ್ನುವ ಕಾರ್ಡಿಗೆ ಅಲ್ಲಿ ಹಾಗೆ ಕೊಡುತ್ತಾರೆ. ನಮ್ಮ ಅಂಗಡಿಯವರು ಇಲ್ಲ ಅಂದರೆ ಅವರ ಮೇಲೆ ಬೇಜಾರು ಬೇಡ, ನಿಯಮವೇ ಹಾಗಿದೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಡೆಬಿಟ್ ಕಾರ್ಡಿಗೂ ಈ ಸೌಲಭ್ಯ ಎಲ್ಲ ಅಂಗಡಿಯಲ್ಲಿ ಇಲ್ಲ. ಬ್ಯಾಂಕು ಆ ಮಿಷಿನ್‌ಗೆ ಅದನ್ನು ತೆರೆದಿರಬೇಕು. ನಾನು ಕೇಳಿದ ಕಡೆ ಜಾಸ್ತಿ ಸಲ ಸಿಕ್ಕ ಉತ್ತರ "ಇಲ್ಲ". ಇರುವ ಅಂಗಡಿಯವರು ಸೌಲಭ್ಯ ಇದೆ, ಶುಲ್ಕ ಇಷ್ಟು ಅಂತ ಕಾಣುವ ಹಾಗೆ ಬರೆದು ಹಾಕಬೇಕು ಅನ್ನುವುದು ನಿಯಮ. ಆ ಬರಹ ಕಂಡರೆ ನೆನಪಿಟ್ಟುಕೊಳ್ಳಿ. ಮನೆ ಹತ್ತಿರ ಇಂಥ ಒಂದು ಅಂಗಡಿ ಗೊತ್ತಿದ್ದರೆ ರಾತ್ರಿ ಹೊತ್ತು ತುಂಬಾ ಅನುಕೂಲ.

"ಫೋನ್‌ಗೆ ಹಾಕ್ತೀನಿ, 500 ಕ್ಯಾಶ್ ಕೊಡಿ" ಅಂತ ಪರಿಚಯದ ಅಂಗಡಿಯಲ್ಲಿ ಕೇಳುವುದು ನಮಗೆಲ್ಲ ಅಭ್ಯಾಸ. ಮೊದಲು ಖುಷಿಯಿಂದ ಕೊಡುತ್ತಿದ್ದವರು ಈಗ ಹಿಂದೆಮುಂದೆ ನೋಡುತ್ತಾರೆ. ಕಾರಣ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಿಮಗೆ ಚಿಲ್ಲರೆ ಕೊಟ್ಟ 500 ರೂಪಾಯಿಯೂ ಅವರ ಖಾತೆಯಲ್ಲಿ ವ್ಯಾಪಾರದ ಹಾಗೇ ಕಾಣುತ್ತದೆ. ಆಮೇಲೆ ಅದು ವ್ಯಾಪಾರ ಅಲ್ಲ ಅಂತ ತೋರಿಸುವ ಕಷ್ಟ ಅವರದು. ಆದ್ದರಿಂದ ಒತ್ತಾಯ ಮಾಡಬೇಡಿ. ತರಕಾರಿ ತಳ್ಳುಗಾಡಿಯವರನ್ನಂತೂ ಕೇಳಲೇಬೇಡಿ, ಅವರ ಕೈಯಲ್ಲಿರುವ ನೋಟು ನಾಳೆ ಬೆಳಿಗ್ಗೆ ಅಂತರಸನಹಳ್ಳಿ ಮಾರುಕಟ್ಟೆಗೆ ಬೇಕು.

ಎಟಿಎಂಗೆ ಡೆಬಿಟ್ ಕಾರ್ಡ್ ಹಾಕುವುದು ಎಲ್ಲರಿಗೂ ಗೊತ್ತಿರುವ ದಾರಿ. ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ ಉಚಿತ. ಬೇರೆ ಬ್ಯಾಂಕಿನದರಲ್ಲಿ ತುಮಕೂರಿನಂಥ ಊರಲ್ಲಿ 5 ಸಲ, ಬೆಂಗಳೂರಿನಲ್ಲಿ 3 ಸಲ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಇದನ್ನು ಗಮನಿಸಿ, ಊರಲ್ಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ಉಚಿತದ ಲೆಕ್ಕದಲ್ಲಿ ಬ್ಯಾಲೆನ್ಸ್ ನೋಡಿದ್ದೂ ಸೇರುತ್ತದೆ. ಅದು ಮುಗಿದರೆ ಒಂದು ಸಲಕ್ಕೆ 23 ರೂಪಾಯಿವರೆಗೆ, ಮೇಲೆ ತೆರಿಗೆ. ಈ ದರ 2025ರ ಮೇ 1ರಿಂದ ಬಂದದ್ದು.

ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವವರು) ಹತ್ತಿರ ಆಧಾರ್ ಕೊಟ್ಟು ಬೆರಳಚ್ಚು ಒತ್ತಿ ತೆಗೆಯಬಹುದು. ಪೋಸ್ಟ್‌ಮ್ಯಾನ್ ಹತ್ತಿರವೂ ಆಗುತ್ತದೆ. ಒಂದು ಸಲಕ್ಕೆ 10,000ವರೆಗೆ ಬರುತ್ತದೆ. ನಮ್ಮ ಅಮ್ಮನಂಥವರಿಗೆ ಪಿನ್ ನೆನಪಿಡುವ ಗೋಜಿಲ್ಲ. ಆದರೆ "ಬೆರಳು ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಒತ್ತಿ" ಅಂದಾಗ ಮೊದಲ ಸಲದ್ದು ಏನಾಯಿತು ಅಂತ ಪರದೆ ನೋಡಿ, ಮೆಸೇಜ್ ನೋಡಿ, ಆಮೇಲೆ ಒತ್ತಿ.

ಇವುಗಳಲ್ಲಿ ಯಾವುದು ಮೇಲು? ನನ್ನ ಪ್ರಕಾರ ಉಚಿತ ಸಲಗಳು ಉಳಿದಿದ್ದರೆ ಎಟಿಎಂ. ಅವು ಮುಗಿದಿದ್ದರೆ, ಅಥವಾ ಎಟಿಎಂನಲ್ಲಿ ನೋಟಿಲ್ಲದಿದ್ದರೆ, 2,000ದ ಒಳಗಿನ ಅಗತ್ಯಕ್ಕೆ ಅಂಗಡಿಯ ಮಿಷಿನ್. ಸಣ್ಣ ಮೊತ್ತಕ್ಕೆ ಅಂಗಡಿಯೇ ಅಗ್ಗ. ಶೇ. 1 ಹಾಕಿದರೂ 1,000ಕ್ಕೆ 10 ರೂಪಾಯಿ, ಎಟಿಎಂನಲ್ಲಿ 23ರ ಮೇಲೆ.

ಖಾತೆಯಲ್ಲೂ ಇಲ್ಲದಿದ್ದರೆ

ಇಲ್ಲಿ ನಿಧಾನ ಬೇಕು. ತಮ್ಮನ 726 ರೂಪಾಯಿ ಹೇಗೆ ಆಯಿತು ನೋಡಿ. ಅವನ ಕಾರ್ಡಿನಲ್ಲಿ ನಗದು ತೆಗೆದರೆ ಶುಲ್ಕ ಶೇ. 2.5, ಆದರೆ ಕಡಿಮೆ ಅಂದರೂ 500 ರೂಪಾಯಿ. 5,000ಕ್ಕೆ ಶೇ. 2.5 ಅಂದರೆ 125 ಆಗಬೇಕಿತ್ತು, ಬಿದ್ದದ್ದು 500. ಅದರ ಮೇಲೆ ಶೇ. 18 ಜಿಎಸ್‌ಟಿ, 90 ರೂಪಾಯಿ. ಬಡ್ಡಿ ತಿಂಗಳಿಗೆ ಶೇ. 3.5, ವರ್ಷಕ್ಕೆ 42. ಇಪ್ಪತ್ತು ದಿನಕ್ಕೆ 115 ರೂಪಾಯಿ, ಆ ಬಡ್ಡಿಯ ಮೇಲೂ ಜಿಎಸ್‌ಟಿ 21. ಸಾಮಾನು ತಗೊಂಡರೆ ಸಿಗುವ ನಲವತ್ತೈದು ಐವತ್ತು ದಿನದ ಬಡ್ಡಿಯಿಲ್ಲದ ಗಡುವು ನಗದಿಗೆ ಇಲ್ಲ. ನೋಟು ಹೊರಬಂದ ದಿನದಿಂದಲೇ ಬಡ್ಡಿ ಓಡುತ್ತದೆ. ನಮ್ಮ ಕಡೆ ಮೂರು ರೂಪಾಯಿ ಬಡ್ಡಿ ಅಂದರೆ ಹೌಹಾರುತ್ತೇವೆ. ಇದು ಮೂರೂವರೆ ರೂಪಾಯಿ ಬಡ್ಡಿ.

ಆಸ್ಪತ್ರೆ, ಅಪಘಾತ, ರಾತ್ರಿ ಹೊತ್ತು, ಬೇರೆ ದಾರಿಯೇ ಇಲ್ಲ ಅಂದಾಗ ತೆಗೆಯಿರಿ, ತಪ್ಪಿಲ್ಲ. ಜೀವಕ್ಕಿಂತ 726 ದೊಡ್ಡದಲ್ಲ. ಆದರೆ ಬಿಲ್ ಬರಲಿ ಅಂತ ಕಾಯಬೇಡಿ. ನಿಮಗೆ ಬರಬೇಕಾದ ಹಣ ಕೈ ಸೇರಿದ ದಿನವೇ ಆ್ಯಪ್‌ನಲ್ಲಿ ಕಟ್ಟಿಬಿಡಿ. ಶುಲ್ಕ ಹೋದದ್ದು ಹೋಯಿತು, ಬಡ್ಡಿಯಾದರೂ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಕಾರ್ಡ್ ತಗೊಳ್ಳುತ್ತಾರಾ ಅಂತ ಮೊದಲು ಕೇಳಿ. ಕೌಂಟರ್‌ನಲ್ಲೇ ಬಿಲ್ ಕಟ್ಟಿದರೆ ಅದು ನಗದಲ್ಲ, ಮಾಮೂಲಿ ಖರ್ಚು, ಗಡುವು ಸಿಗುತ್ತದೆ.

ಈಗ ತಮ್ಮ ಕೇಳಿದ ಪ್ರಶ್ನೆಗೆ ಬರೋಣ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ, ಸಾಮಾನು ತಗೊಂಡ ಹಾಗೆ ತೋರಿಸಿ, ಎರಡೋ ಮೂರೋ ಪರ್ಸೆಂಟ್ ಕಮಿಷನ್ ಹಿಡಿದು ಉಳಿದದ್ದನ್ನು ನೋಟಾಗಿ ಕೊಡುವವರು ಇದ್ದಾರೆ. ಲೆಕ್ಕ ಮಾತ್ರ ನೋಡಿದರೆ ಇದು ಅಗ್ಗ ಅನ್ನಿಸುತ್ತದೆ. 20,000 ರೂಪಾಯಿಗೆ ಶೇ. 2.5 ಕಮಿಷನ್ ಅಂದರೆ 500. ಅದೇ 20,000ವನ್ನು ಎಟಿಎಂನಲ್ಲಿ ತೆಗೆದು ಇಪ್ಪತ್ತು ದಿನ ಇಟ್ಟುಕೊಂಡರೆ ಶುಲ್ಕ, ಬಡ್ಡಿ, ತೆರಿಗೆ ಸೇರಿ ಸುಮಾರು 1,133. ಅರ್ಧಕ್ಕಿಂತ ಕಡಿಮೆ! ಜನ ಹೋಗುವುದು ಇದಕ್ಕೇ.

ಆದರೂ ನಾನು ತಮ್ಮನಿಗೆ ಬೇಡ ಅಂದೆ. ಅದು ಸುಳ್ಳು ವ್ಯಾಪಾರ. ಮಾರದ ಸಾಮಾನಿಗೆ ಮಾರಿದ ಲೆಕ್ಕ. ಅಂಗಡಿಯವರು ಮಿಷಿನ್ ತಗೊಳ್ಳುವಾಗ ಬ್ಯಾಂಕಿಗೆ ಬರೆದುಕೊಟ್ಟ ಒಪ್ಪಂದಕ್ಕೆ ವಿರುದ್ಧ, ನಾವು ಕಾರ್ಡ್ ತಗೊಳ್ಳುವಾಗ ಸಹಿ ಹಾಕಿದ ಒಪ್ಪಂದಕ್ಕೂ ವಿರುದ್ಧ. ಸಣ್ಣ ಅಂಗಡಿಯಲ್ಲಿ ಪದೇ ಪದೇ ದುಂಡಗಿನ ಮೊತ್ತ ಬಿದ್ದರೆ ಬ್ಯಾಂಕಿನವರಿಗೆ ಅನುಮಾನ ಬರುತ್ತದೆ. ನಮ್ಮ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ಎರಡು ತಿಂಗಳು ಒಂದೇ ಅಂಗಡಿಯಲ್ಲಿ ಉಜ್ಜಿದ್ದರು. ಬ್ಯಾಂಕಿನಿಂದ ಫೋನ್ ಬಂತು, ಬಿಲ್ ತೋರಿಸಿ ಅಂದರು. ಬಿಲ್ ಎಲ್ಲಿಂದ ತರುವುದು? ಕಾರ್ಡ್ ನಿಂತುಹೋಯಿತು. ಉಳಿದಿದ್ದ ಮೊತ್ತವನ್ನು ಒಟ್ಟಿಗೆ ಕಟ್ಟಬೇಕಾಗಿ ಬಂದು, ಮಗಳ ಸರ ಅಡವಿಟ್ಟರು. ಅವರು ಅದನ್ನು ನನ್ನ ಮುಂದೆ ಹೇಳುವಾಗ ತಲೆ ಎತ್ತಲಿಲ್ಲ. ಕೊಟ್ಟ ನೋಟು ಕಡಿಮೆ ಬಂದರೂ, ಎರಡು ಸಲ ಉಜ್ಜಿದರೂ ಇಂಥ ವ್ಯವಹಾರದಲ್ಲಿ ದೂರು ಕೊಡುವ ಬಾಯಿ ನಮಗಿರುವುದಿಲ್ಲ.

ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ. ಮುಂದಿನ ತಿಂಗಳು ಬಿಲ್ ಕಟ್ಟಲು ದುಡ್ಡಿಲ್ಲ ಅಂತ ಇನ್ನೊಂದು ಕಾರ್ಡ್ ಉಜ್ಜುತ್ತಾರೆ. ಅದನ್ನು ಕಟ್ಟಲು ಮತ್ತೆ ಮೊದಲನೆಯದು. ತಿಂಗಳಿಗೆ ಶೇ. 2.5 ಅಂದರೆ ವರ್ಷಕ್ಕೆ ಶೇ. 30, ಅಸಲು ಒಂದು ರೂಪಾಯಿಯೂ ತೀರಿರುವುದಿಲ್ಲ.

ಯುಪಿಐಗೆ ಜೋಡಿಸುವ ರುಪೇ ಕ್ರೆಡಿಟ್ ಕಾರ್ಡ್ 2022ರಿಂದ ಬಂದಿದೆ. ಅದರಲ್ಲಿ ತೆಗೆಯಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಅದು ವ್ಯಾಪಾರಿಗಳಿಗೆ ಕೊಡುವುದಕ್ಕೆ ಮಾತ್ರ. ಸ್ನೇಹಿತರಿಗೆ ಹಾಕಲು, ನಗದು ತೆಗೆಯಲು ಬರುವುದಿಲ್ಲ. ಕೆಲವು ಸಣ್ಣ ಅಂಗಡಿಗಳ ಕ್ಯೂಆರ್‌ಗೂ ಹೋಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ನಡೆಯುವ ರೀತಿ

ಕ್ರೆಡಿಟ್ ಕಾರ್ಡನ್ನು ನಗದಾಗಿ ಬದಲಾಯಿಸಲು ಒಂದು ನೇರವಾದ ದಾರಿ ಇದೆ. ಕಾರ್ಡಿನಲ್ಲಿ ನಿಜವಾದ ಖರ್ಚು ಮಾಡುವುದು, ಆ ಖರ್ಚಿಗೆ ಇಟ್ಟಿದ್ದ ನಗದನ್ನು ಉಳಿಸಿಕೊಳ್ಳುವುದು. ತಿಂಗಳ ದಿನಸಿ, ಪೆಟ್ರೋಲ್, ಔಷಧಿ, ಕರೆಂಟ್ ಬಿಲ್ ಕಾರ್ಡಿಗೆ ಹೋದರೆ ಕೈಯಲ್ಲಿ ನೋಟು ತಾನಾಗಿ ಉಳಿಯುತ್ತದೆ. ಆಳುಗಳ ಕೂಲಿಗೆ, ಮುಯ್ಯಿಗೆ, ಜಾತ್ರೆಗೆ ಅದು ಒದಗುತ್ತದೆ.

ಮನೆಯವರ ಖರೀದಿಗೂ ಹೀಗೆ ಮಾಡಬಹುದು. ನಮ್ಮ ನಾದಿನಿ ಎಂ.ಜಿ. ರಸ್ತೆಯಲ್ಲಿ ವಾಷಿಂಗ್ ಮಿಷಿನ್ ತಗೊಂಡಾಗ 24,000 ನಗದು ತಂದಿದ್ದರು. ಅದೇ ವಾರ ತಮ್ಮನಿಗೆ ಮೋಟರ್ ರಿಪೇರಿಗೆ ದುಡ್ಡು ಬೇಕಿತ್ತು. ಅಂಗಡಿಯಲ್ಲಿ ಕಾರ್ಡಿಗೂ ನಗದಿಗೂ ಒಂದೇ ಬೆಲೆಯಾ ಅಂತ ಮೊದಲು ಕೇಳಿದೆ. ಒಂದೇ ಅಂದರು. ಬಿಲ್ ನಾದಿನಿ ಹೆಸರಿಗೆ, ವಾರಂಟಿ ಅವರ ಹೆಸರಿಗೆ, ಹಣ ತಮ್ಮನ ಕಾರ್ಡಿನಿಂದ. ನೋಟು ತಮ್ಮನ ಕೈಗೆ. ಶುಲ್ಕವಿಲ್ಲ, ಗಡುವಿನ ಒಳಗೆ ಕಟ್ಟಿದರೆ ಬಡ್ಡಿಯಿಲ್ಲ, ಕಾರ್ಡಿನ ಪಾಯಿಂಟೂ ಬಂತು. ಸಾಮಾನು ನಿಜ, ಬಿಲ್ ನಿಜ.

ಇದಕ್ಕೂ ಎಚ್ಚರ ಬೇಕು. ಕಾರ್ಡಿಗೆ ಶೇ. 2 ಜಾಸ್ತಿ ಅಂದರೆ, ಅಥವಾ ನಗದಿಗೆ ರಿಯಾಯಿತಿ ಇದ್ದರೆ, ಇದರಲ್ಲಿ ಅರ್ಥವಿಲ್ಲ. ಅಪರಿಚಿತರ ಖರೀದಿಗೆ ಕಾರ್ಡ್ ಕೊಡಲೇಬೇಡಿ. ಹಳೆಯ ಬಾಕಿ ಉಳಿಸಿಕೊಂಡಿದ್ದರೆ ಹೊಸ ಖರೀದಿಗೂ ಗಡುವು ಸಿಗುವುದಿಲ್ಲ, ಮೊದಲ ದಿನದಿಂದ ಬಡ್ಡಿ. ವರ್ಷದಲ್ಲಿ ಕಾರ್ಡಿನ ಬಿಲ್ಲಿಗೆ ನಗದಾಗಿ 1 ಲಕ್ಷ, ಬೇರೆ ರೀತಿಯಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಿದರೆ ಆ ಲೆಕ್ಕ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಕೈಗೆ ಬಂದ ನಗದಿನಲ್ಲಿ ಉಳಿದದ್ದನ್ನು ಅವತ್ತೇ ಖಾತೆಗೆ ಹಾಕಿ. ಜೇಬಿನಲ್ಲಿ ಇಟ್ಟುಕೊಂಡರೆ ಬಿಲ್ ಬರುವ ಹೊತ್ತಿಗೆ ಅದು ಇರುವುದಿಲ್ಲ.

ತೋಟ, ಹೊಲ ಇರುವವರಿಗೆ ಒಂದು ಮಾತು. ಕ್ರೆಡಿಟ್ ಕಾರ್ಡ್ ಬೇರೆ, ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆ. ಕಿಸಾನ್ ಕಾರ್ಡಿನ ಬೆಳೆ ಸಾಲವನ್ನು ಸಮಯಕ್ಕೆ ಕಟ್ಟಿದರೆ ಬಡ್ಡಿ ವರ್ಷಕ್ಕೆ ಶೇ. 4ಕ್ಕೆ ಇಳಿಯುತ್ತದೆ. ಅದರ ಜೊತೆ ಕೊಡುವ ರುಪೇ ಕಾರ್ಡಿನಲ್ಲಿ ಎಟಿಎಂನಿಂದ ಹಣ ತೆಗೆಯಬಹುದು. ರಾಜ್ಯದ ಸಹಕಾರ ಸಂಘಗಳಲ್ಲಿ ರೈತರಿಗೆ ಬಡ್ಡಿಯೇ ಇಲ್ಲದ ಅಲ್ಪಾವಧಿ ಸಾಲ ಇದೆ, ಅದರ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ತಮ್ಮನ ಮನೆಯಲ್ಲಿ ಪಹಣಿ ಇತ್ತು, ತೋಟ ಇತ್ತು, ಅರ್ಜಿ ಮಾತ್ರ ಹಾಕಿರಲಿಲ್ಲ. ಶೇ. 4ಕ್ಕೆ ಸಿಗುವ ಹಣವನ್ನು ಶೇ. 42ಕ್ಕೆ ತಂದಿದ್ದ. ಈ ವರ್ಷ ಹಾಕಿಸಿದೆವು. ತೋಟವಿಲ್ಲದವರು, ಎಫ್‌ಡಿ ಇದ್ದರೆ ಅದರ ಮೇಲೆ ಓವರ್‌ಡ್ರಾಫ್ಟ್ ಕೇಳಿ. ಚಿನ್ನದ ಮೇಲಿನ ಬ್ಯಾಂಕ್ ಸಾಲವೂ ಕಾರ್ಡಿಗಿಂತ ಎಷ್ಟೋ ಕಡಿಮೆ ಬಡ್ಡಿಯದು.

ಅಂಗಡಿಯಲ್ಲಿ ನಗದು ತೆಗೆಯಲು ಹೊರಟರೆ ಡೆಬಿಟ್ ಕಾರ್ಡ್ ತೋರಿಸಿ "ಮಿಷಿನ್‌ನಲ್ಲಿ ಕ್ಯಾಶ್ ತೆಗೆಯೋ ಸೌಲಭ್ಯ ಇದೆಯಾ, ಚಾರ್ಜ್ ಎಷ್ಟು?" ಅಂತ ಮೊದಲೇ ಕೇಳಿ. ಪಿನ್ ನೀವೇ ಒತ್ತಿ. ಚೀಟಿಯಲ್ಲಿ ಸಾಮಾನಿನ ಮೊತ್ತ, ನಗದಿನ ಮೊತ್ತ ಬೇರೆ ಬೇರೆ ಇದೆಯಾ ನೋಡಿ. ನೋಟನ್ನು ಗಲ್ಲಾದ ಮುಂದೆಯೇ ಎಣಿಸಿ. ಖಾತೆಯಿಂದ ಹಣ ಹೋಗಿ ಕೈಗೆ ನೋಟು ಬರದಿದ್ದರೆ ಅವತ್ತೇ ನಿಮ್ಮ ಬ್ಯಾಂಕಿಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಖರ್ಚಿಲ್ಲ. ಹೇಗೆ ಬರೆಯಬೇಕು ಅಂತ 14448ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಆ ಚೀಟಿಯ ಅಕ್ಷರ ಬೇಗ ಮಾಸಿಹೋಗುತ್ತದೆ, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.